ವ್ಯಾಪಾರದ ಇಂಗ್ಲಿಷ್: ಅಲಂಕಾರಕ್ಕಿಂತ ಅರ್ಥ ಮುಖ್ಯ

ವ್ಯಾಪಾರಕ್ಕೆ ಬೇಕಾದ ಉನ್ನತ ಮಟ್ಟದ ಇಂಗ್ಲಿಷ್ ಕಲಿಯಬೇಕೆಂಬ ಆಸಕ್ತಿ ಸಣ್ಣ ಉದ್ದಿಮೆದಾರರಲ್ಲಿಯೂ ವರ್ತಕರಲ್ಲಿಯೂ ಬೆಳೆಯುತ್ತಿರುವುದು ಸ್ವಾಗತಾರ್ಹ. ಆದರೆ ಕಲಿಕೆ ಎಂದೊಡನೆ ಕಠಿಣ ಪದಗಳ ಪಟ್ಟಿಯನ್ನೂ ಸಭೆಗಳಲ್ಲಿ ಮೆರೆಯಬಲ್ಲ ನುಡಿಗಟ್ಟುಗಳನ್ನೂ ಕಂಠಪಾಠ ಮಾಡುವುದೆಂಬ ಭಾವನೆ ಬೇರೂರಿದೆ. ಉದ್ಯಮಿಯ ಹಣವನ್ನು ಉಳಿಸುವ ಅಥವಾ ಕಳೆಯುವ ಪದಗಳು ಬೇರೆಯೇ ಇವೆ. ಅವು ಆತನ ಮೇಜಿನ ಮೇಲಿರುವ ಖರೀದಿ ಆದೇಶದಲ್ಲಿ, ಕರಾರುಪತ್ರದಲ್ಲಿ, ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್‌ನಲ್ಲಿ ಇವೆ. ಕಲಿಕೆ ಆರಂಭವಾಗಬೇಕಾದುದು ಅಲ್ಲಿಂದ.

ಪದದ ನಿಖರತೆ ವರ್ತಕ ಸಮುದಾಯಕ್ಕೆ ಹೊಸದಲ್ಲ. ಹಿಂದಿನ ತಲೆಮಾರಿನ ಸಾಹುಕಾರರು ದರ್ಶನಿ ಹುಂಡಿ ಯಾವುದು, ಮುದ್ದತಿ ಹುಂಡಿ ಯಾವುದು ಎಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮೊದಲನೆಯದಕ್ಕೆ ತೋರಿಸಿದೊಡನೆ ಹಣ. ಎರಡನೆಯದಕ್ಕೆ ಗೊತ್ತುಪಡಿಸಿದ ಅವಧಿ ಮುಗಿದ ಮೇಲೆ ಹಣ. ಇಂದಿನ ಲೆಟರ್ ಆಫ್ ಕ್ರೆಡಿಟ್‌ನಲ್ಲಿ ಕಾಣುವ ‘ಅಟ್ ಸೈಟ್’ ಮತ್ತು ‘ಯೂಸೆನ್ಸ್’ ಎಂಬ ಪದಗಳು ಸೂಚಿಸುವುದೂ ಇದೇ ಅಂತರವನ್ನು. ವಿಷಯ ಹಳೆಯದು, ಭಾಷೆ ಮಾತ್ರ ಬದಲಾಗಿದೆ.

ಬೆಳಗಾವಿಯ ಎರಕದ ಕಾರ್ಖಾನೆಯಾಗಲಿ, ಮಂಗಳೂರಿನ ಗೋಡಂಬಿ ಸಂಸ್ಕರಣಾ ಘಟಕವಾಗಲಿ, ಹೊರದೇಶಕ್ಕೆ ಸರಕು ಕಳುಹಿಸುವಾಗ ‘ಎಫ್‌ಓಬಿ’, ‘ಸಿಐಎಫ್’ ಎಂಬ ಸಂಕೇತಗಳನ್ನು ಬಳಸುವುದು ಅನಿವಾರ್ಯ. ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯು 1936ರಲ್ಲಿ ಮೊದಲು ಪ್ರಕಟಿಸಿದ ಇನ್‌ಕೋಟರ್ಮ್ಸ್ ನಿಯಮಗಳು ಇವುಗಳ ಅರ್ಥವನ್ನು ನಿರ್ಧರಿಸುತ್ತವೆ. 2020ರ ಆವೃತ್ತಿಯಲ್ಲಿ ಇಂತಹ 11 ಪದಗಳಿವೆ. ಸಿಐಎಫ್ ದರದಲ್ಲಿ ಸಾಗಣೆ ಹಾಗೂ ವಿಮೆಯ ವೆಚ್ಚ ಮಾರುವವನದು. ಹಾಗಿದ್ದರೂ ನಷ್ಟದ ಹೊಣೆಯು ಸರಕು ಹಡಗನ್ನು ಏರಿದೊಡನೆ ಕೊಳ್ಳುವವನಿಗೆ ವರ್ಗವಾಗುತ್ತದೆ. ಎಫ್‌ಓಬಿಯಲ್ಲಿ, ಕಂಟೇನರನ್ನು ಡಿಪೋದಲ್ಲಿ ಒಪ್ಪಿಸಿದ ಮಾತ್ರಕ್ಕೆ ಮಾರುವವನ ಹೊಣೆ ಮುಗಿಯುವುದಿಲ್ಲ. ಅದು ಹಡಗನ್ನು ಏರುವವರೆಗೂ ಅಪಾಯ ಆತನದೇ. ಕಂಟೇನರ್ ಸರಕಿಗೆ ‘ಎಫ್‌ಸಿಎ’ ಸೂಕ್ತವೆನ್ನುವುದು ಇದೇ ಕಾರಣಕ್ಕೆ. ಅಮೆರಿಕದ ದೇಶೀಯ ವ್ಯಾಪಾರದಲ್ಲಿ ಎಫ್‌ಓಬಿ ಎಂಬುದಕ್ಕೆ ಬೇರೆ ಅರ್ಥಗಳೂ ಇರುವುದರಿಂದ ಪದದ ಮುಂದೆ ‘ಇನ್‌ಕೋಟರ್ಮ್ಸ್ 2020’ ಎಂದು ನಮೂದಿಸುವುದು ಕ್ಷೇಮಕರ.

ಲೆಟರ್ ಆಫ್ ಕ್ರೆಡಿಟ್‌ಗಳಿಗೆ ಸಾಮಾನ್ಯವಾಗಿ ಅನ್ವಯವಾಗುವ, 2007ರ ಜುಲೈ 1ರಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮಾವಳಿಯು ಸಾಮಾನ್ಯ ಪದಗಳಿಗೂ ಗಣಿತದ ನಿಖರತೆ ನೀಡಿದೆ. ‘ಅಬೌಟ್’ ಎಂದರೆ ಅಂದಾಜು ಎಂದಷ್ಟೇ ಅಲ್ಲ, ಶೇಕಡಾ 10ರಷ್ಟು ಹೆಚ್ಚು ಅಥವಾ ಕಡಿಮೆ. ಆ ಪದ ಸರಕಿನ ಪ್ರಮಾಣದ ಹಿಂದೆ ಇದ್ದು, ಮೊತ್ತದ ಹಿಂದೆ ಇಲ್ಲದಿದ್ದರೆ, ಈ ವಿನಾಯಿತಿ ಮೊತ್ತಕ್ಕೆ ದೊರೆಯುವುದಿಲ್ಲ. ‘ಆನ್ ಆರ್ ಅಬೌಟ್’ ಎಂದರೆ ಆ ದಿನಾಂಕಕ್ಕೆ 5 ದಿನ ಹಿಂದೆ ಮತ್ತು 5 ದಿನ ಮುಂದೆ. ಸರಕು ರವಾನೆಯ ಅವಧಿ ಹೇಳುವಾಗ ‘ಅಂಟಿಲ್’ ಎಂಬಲ್ಲಿ ಸೂಚಿತ ದಿನವೂ ಸೇರುತ್ತದೆ; ‘ಬಿಫೋರ್’ ಎಂಬಲ್ಲಿ ಸೇರುವುದಿಲ್ಲ. ಒಂದು ದಿನ ತಡವಾದರೂ ದಾಖಲೆಗಳು ತಿರಸ್ಕೃತವಾಗಬಹುದು. ತಿಂಗಳ ದುಡಿಮೆಯ ಹಣ ಸಿಕ್ಕಿಹಾಕಿಕೊಳ್ಳಬಹುದು.

ಒಳನಾಡಿನ ವ್ಯವಹಾರವೂ ಇದಕ್ಕೆ ಹೊರತಲ್ಲ. ದೊಡ್ಡ ಕಂಪನಿಯ ಖರೀದಿ ಆದೇಶದಲ್ಲಿ ‘ಟೈಮ್ ಈಸ್ ಆಫ್ ದಿ ಎಸೆನ್ಸ್’ ಎಂಬ ಸಾಲನ್ನು ಓದಿ, ‘ಸಮಯ ಅಮೂಲ್ಯ’ ಎಂಬ ಹಿತವಚನವೆಂದು ಭಾವಿಸುವವರಿದ್ದಾರೆ. 1872ರ ಭಾರತೀಯ ಕರಾರು ಕಾಯಿದೆಯ 55ನೆಯ ಪ್ರಕರಣದಂತೆ, ಕಾಲವೇ ಕರಾರಿನ ಜೀವಾಳವಾಗಿದ್ದಲ್ಲಿ, ವಿಳಂಬವಾದರೆ ಕೊಳ್ಳುವವನು ಕರಾರನ್ನೇ ರದ್ದುಪಡಿಸಬಹುದು. ಸಣ್ಣ ತಯಾರಕನ ರಕ್ಷಣೆಗೆ ನಿಂತಿರುವ ಪದಗಳೂ ಉಂಟು. 2006ರ ಎಂಎಸ್‌ಎಂಇಡಿ ಕಾಯಿದೆಯಲ್ಲಿ ‘ಡೀಮ್ಡ್ ಆಕ್ಸೆಪ್ಟೆನ್ಸ್’ ಎಂಬ ಮಾತಿದೆ. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರ ಲಿಖಿತ ಆಕ್ಷೇಪ ಸಲ್ಲಿಸದಿದ್ದರೆ, ತಲುಪಿದ ದಿನವೇ ಸರಕನ್ನು ಒಪ್ಪಿಕೊಂಡಂತೆ. ಕರಾರಿನಲ್ಲಿ ಏನೇ ಬರೆದಿದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ಈ ಎರಡು ಪದಗಳನ್ನು ಅರಿಯದವನು ಬಾಕಿ ಕೇಳಲು ಹಿಂಜರಿಯುತ್ತಾನೆ.

ಹಾಗಾದರೆ ನುಡಿಗಟ್ಟುಗಳು ಬೇಡವೇ? ಅವು ಓದಲು ಬೇಕು, ಬರೆಯಲು ಬೇಡ. ಖರೀದಿದಾರ ‘ಬಾಲ್‌ಪಾರ್ಕ್ ಫಿಗರ್’ ಕೇಳಿದರೆ ಆತ ಬಯಸುವುದು ಸ್ಥೂಲ ಅಂದಾಜನ್ನು, ಬದ್ಧ ದರಪಟ್ಟಿಯನ್ನಲ್ಲ. ‘ಶಾರ್ಪನ್ ಯುವರ್ ಪೆನ್ಸಿಲ್’ ಎಂದರೆ ದರ ಇಳಿಸಿ ಎಂಬ ಸೂಚನೆ. ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ಎತ್ತಿಕೊಳ್ಳುವುದು, ಅಮೆರಿಕದಲ್ಲಿ ಚರ್ಚೆಯನ್ನು ಮುಂದೂಡುವುದು. ಹೀಗೆ ಅರ್ಥವೇ ತಿರುಗಿ ನಿಲ್ಲುವ ಮಾತುಗಳನ್ನು ಪತ್ರದಲ್ಲಿ ಬಳಸುವುದು ಜಾಣತನವಲ್ಲ. ಭಾರತದಲ್ಲಿ ‘ಉತ್ತರಿಸಿ’ ಎಂಬರ್ಥದಲ್ಲಿ ಬಳಸುವ ‘ರಿವರ್ಟ್’ ಹೊರಗಿನವರಿಗೆ ‘ಹಿಂದಿನ ಸ್ಥಿತಿಗೆ ಮರಳು’ ಎಂದು ಕೇಳಿಸುತ್ತದೆ. ಲಕ್ಷ, ಕೋಟಿಗಳ ಲೆಕ್ಕ ಅನೇಕರಿಗೆ ತಿಳಿಯದು. 4/5 ಎಂಬ ದಿನಾಂಕ ಇಲ್ಲಿ ಮೇ 4, ಅಮೆರಿಕದಲ್ಲಿ ಏಪ್ರಿಲ್ 5. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯುವ, ಚಿಕ್ಕ ವಾಕ್ಯಗಳಲ್ಲಿ ವಿಷಯ ಹೇಳುವ ಪತ್ರವೇ ಉತ್ತಮ ವ್ಯಾಪಾರಿ ಪತ್ರ.

ಇದನ್ನೆಲ್ಲ ಕ್ಲಿಯರಿಂಗ್ ಏಜೆಂಟರೂ ಲೆಕ್ಕಪರಿಶೋಧಕರೂ ನೋಡಿಕೊಳ್ಳುತ್ತಾರೆ ಎಂಬ ವಾದವುಂಟು. ಅವರ ನೆರವು ಅವಶ್ಯ. ಆದರೆ ಬಹಳಷ್ಟು ಸಲ ಕಾಗದ ಅವರ ಕೈ ಸೇರುವುದು ಸಹಿ ಬಿದ್ದ ನಂತರ. ಆ ಸಹಿಯಾದರೋ ಮಾಲೀಕನದು. ಬ್ಯಾಂಕು ನೋಡುವುದು ದಾಖಲೆಗಳನ್ನೇ ಹೊರತು ಉದ್ಯಮಿಯ ಸದುದ್ದೇಶವನ್ನಲ್ಲ.

ಆದ್ದರಿಂದ ವಾಣಿಜ್ಯ ಸಂಸ್ಥೆಗಳು ಮುಂದಾಗಬೇಕು. ಸದಸ್ಯರ ಹಳೆಯ ಖರೀದಿ ಆದೇಶಗಳನ್ನೂ ಲೆಟರ್ ಆಫ್ ಕ್ರೆಡಿಟ್‌ಗಳನ್ನೂ ಹೆಸರು ಮರೆಮಾಚಿ ಪಠ್ಯವಾಗಿಸಿ, ವಾರಕ್ಕೆ ಎರಡು ಗಂಟೆ, ಕನ್ನಡದ ವಿವರಣೆಯೊಂದಿಗೆ ತರಗತಿ ನಡೆಸಬಹುದು. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದ ಅಧಿಕಾರಿಯೊಬ್ಬರು, ವಕೀಲರೊಬ್ಬರು, ಅನುಭವಿ ರಫ್ತುದಾರರೊಬ್ಬರು ಬೋಧಿಸಿದರೆ ಸಾಕು. ಮೊದಲ ಹಂತಕ್ಕೆ ಐವತ್ತು ಪದಗಳನ್ನು ಆರಿಸಿಕೊಂಡರೂ ಲಾಭವುಂಟು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಂತೆ, ಕರಾರಿನ ಮಾತು ಬಲ್ಲ ಉದ್ಯಮಿಗೆ ವ್ಯಾಜ್ಯವೂ ಕಡಿಮೆ, ನಷ್ಟವೂ ಕಡಿಮೆ.