ಹಬ್ಬದ ಅಡುಗೆಗೂ ಪಡಿತರ ಬೇಕು

1966ರ ಸಂಕ್ರಾಂತಿ. ಹಿಂದಿನ ಸೆಪ್ಟೆಂಬರ್‌ನಲ್ಲಷ್ಟೇ ಪಾಕಿಸ್ತಾನದೊಡನೆ ಯುದ್ಧ ನಿಂತಿತ್ತು, ಮುಂಗಾರು ಕೈಕೊಟ್ಟಿತ್ತು. ಹಬ್ಬಕ್ಕೆ ಮೂರು ದಿನ ಮುಂಚೆ, ಜನವರಿ 11ರಂದು, ತಾಷ್ಕೆಂಟ್‌ನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ನಿಧನರಾಗಿದ್ದರು. ಸೋಮವಾರ ರಾತ್ರಿಯ ಊಟ ಬಿಡಿರೆಂಬ ಅವರ ಮನವಿಯನ್ನು ಕೋಲಾರ ಚಿನ್ನದ ಗಣಿಯ ನಂದಿದುರ್ಗದ ನಮ್ಮ ಮನೆಯಲ್ಲಿ ಚಾಚೂ ತಪ್ಪದೆ ಪಾಲಿಸುತ್ತಿದ್ದೆವು. ಆಗ ನನಗೆ ಎಂಟು ವರ್ಷ.

ಪಡಿತರದ ಅಕ್ಕಿ ದಿನದ ಊಟಕ್ಕೇ ಸಾಲುತ್ತಿರಲಿಲ್ಲ. ರಾಗಿಮುದ್ದೆಯ ಸೀಮೆಗೆ ಪಿ.ಎಲ್. 480ರ ಅಮೆರಿಕದ ಗೋಧಿ ಬಂದಿತ್ತು. ಅಮ್ಮ ಗೋಧಿ ನುಚ್ಚಿನಲ್ಲೇ ಸಿಹಿ ಪೊಂಗಲ್ ಮಾಡಲು ಹೊರಟರು. ನೆರೆಮನೆಯ ತಮಿಳು ಅಜ್ಜಿ ಒಪ್ಪಲಿಲ್ಲ. ಅಕ್ಕಿ ಉಕ್ಕದೆ ಎಂಥ ಪೊಂಗಲ್ ಎಂದರು. ಕೊನೆಗೆ ಮೂರು ಮನೆಯವರು ಒಂದೊಂದು ಪಾವು ಅಕ್ಕಿ ಕೂಡಿಸಿ ಒಂದೇ ಪಾತ್ರೆಯಲ್ಲಿ ಬೇಯಿಸಿದರು. ದೇಶವೇ ಸೂತಕದಲ್ಲಿದೆಯೆಂದು ಅಪ್ಪ ಹಿಂಜರಿದಾಗ ಅಮ್ಮ, "ಮಕ್ಕಳ ಬಾಯಿಗೆ ಒಂದು ತುತ್ತು ಸಿಹಿ ಬೀಳಲಿ ಬಿಡಿ" ಎಂದಷ್ಟೇ ಹೇಳಿದರು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತುಹೋದ ದಿನಗಳನ್ನು ಅವರು ಬಾಲ್ಯದಲ್ಲಿ ಕಂಡವರು.

ಮುಂದೆ ಅರ್ಥಶಾಸ್ತ್ರ ಓದಿ ಸರ್ಕಾರಿ ಸೇವೆ ಸೇರಿದ ಮೇಲೆ ಪಡಿತರದ ಕಡತಗಳು ನನ್ನ ಮೇಜಿಗೇ ಬಂದವು. ತಲೆಗೆ ಇಷ್ಟು ಕಿಲೋ ಎಂಬುದೇ ಅಲ್ಲಿನ ಲೆಕ್ಕ. ಆದರೂ ಹಬ್ಬದ ತಿಂಗಳಲ್ಲಿ ಹೆಚ್ಚುವರಿ ಸಕ್ಕರೆ ಬಿಡುಗಡೆ ಮಾಡುವ ಪದ್ಧತಿಯಿತ್ತು. ಅದು ಅನಗತ್ಯ ವೆಚ್ಚವೆಂದು ಟಿಪ್ಪಣಿ ಬರೆದವರಲ್ಲಿ ನಾನೂ ಒಬ್ಬ. ಇಂದು ಹಾಗೆ ಬರೆಯಲಾರೆ.

2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯನ್ನು ಹೊಂದಿಸಲಾಗದೆ ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ನಗದು ನೀಡಿತು. 2025ರಲ್ಲಿ ಮತ್ತೆ ಅಕ್ಕಿ ಕೊಡಲಾರಂಭಿಸಿತು. ನಗದು ಕೊಟ್ಟರೆ ಆಯ್ಕೆ ಜನರದಾಗುತ್ತದೆ ಎಂಬ ಪಠ್ಯಪುಸ್ತಕದ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಮೊತ್ತ ನಿಗದಿಯಾಗಿರುತ್ತದೆ, ಬೆಲೆ ಅಲ್ಲ. ಹಬ್ಬದ ವಾರದಲ್ಲಿ ಬೆಲ್ಲ, ಬೇಳೆಗಳ ದರ ಏರಿದಾಗ ಆ ಹೊರೆ ಬೀಳುವುದು ಫಲಾನುಭವಿಯ ಮೇಲೆಯೇ. 2001ರಲ್ಲಿ ಗಣಿ ಮುಚ್ಚಿದ ಬಳಿಕ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳಿಗೆ ಇದು ಸಣ್ಣ ಹೊರೆಯಲ್ಲ.

ನೆರೆಯ ತಮಿಳುನಾಡು ಪೊಂಗಲ್ ಹಬ್ಬಕ್ಕೆ ಪಡಿತರ ಚೀಟಿದಾರರಿಗೆ ಅಕ್ಕಿ, ಸಕ್ಕರೆ, ಕಬ್ಬು ಹಂಚುತ್ತ ಬಂದಿದೆ. ನಮ್ಮಲ್ಲಿಯೂ ವರ್ಷಕ್ಕೆ ಎರಡು ಬಾರಿಯಾದರೂ ಚೀಟಿಗೊಂದು ಕಿಲೋ ಬೆಲ್ಲ, ಒಂದು ಕಿಲೋ ತೊಗರಿಬೇಳೆ ಸಿಗುವಂತಾಗಲಿ. ಇದನ್ನು ಓಲೈಕೆ ಎನ್ನುವವರಿದ್ದಾರೆ. ಬಡವನಿಗೆ ಹಸಿವು ಮಾತ್ರ ಇದೆ, ಮನೆಗೆ ಬರುವ ನೆಂಟರಿಲ್ಲ ಎಂದು ಭಾವಿಸುವುದು ಸರಿಯೇ ಎಂದು ಅವರು ಯೋಚಿಸಬೇಕು. ಅಂದು ಮೂರು ಮನೆಗಳು ಅಕ್ಕಿ ಕೂಡಿಸಿದ್ದು, ಮೂರರಲ್ಲೂ ಕೊಡಲು ಒಂದು ಪಾವು ಇದ್ದುದರಿಂದ.