ಕೊಂಬಿನ ಮೆರುಗೂ ಭೌತವಿಜ್ಞಾನದ ಪಾಠವೂ

ಬೆಳಕಿನ ಪ್ರತಿಫಲನ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸಬಲ್ಲ ವಿದ್ಯಾರ್ಥಿಯನ್ನು, ಹಸುವಿನ ಒರಟು ಕೊಂಬೊಂದು ಕನ್ನಡಿಯಂತೆ ಹೊಳೆಯುವುದು ಹೇಗೆಂದು ಕೇಳಿದರೆ, ಎಣ್ಣೆಯನ್ನೋ ವಾರ್ನಿಷನ್ನೋ ಬಳಿಯುವುದರಿಂದ ಎಂದು ಉತ್ತರಿಸುವ ಸಂಭವವೇ ಹೆಚ್ಚು. ಒಡಿಶಾದ ಪರ್ಲಾಖೆಮುಂಡಿ, ಉತ್ತರ ಪ್ರದೇಶದ ಸಂಭಲ್ ಮುಂತಾದೆಡೆಗಳಲ್ಲಿ ಹೆಸರಾದ ಕೊಂಬಿನ ಕುಶಲಕರ್ಮಿಗಳು ಇದನ್ನು ಕೇಳಿದರೆ ನಕ್ಕಾರು.

ಕೊಂಬಿನ ಹೊರಕವಚವು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದುದು. ನಮ್ಮ ಉಗುರು ಕೂದಲುಗಳೂ ಅದರಿಂದಲೇ ಆದುವು. ಒಳಗಿನ ಎಲುಬನ್ನು ಬೇರ್ಪಡಿಸಿ, ಮೇಲಿನ ಒರಟು ಪದರವನ್ನು ಅರದಿಂದ ಉಜ್ಜಿ ತೆಗೆದ ಮೇಲೆ, ಕ್ರಮವಾಗಿ ನಯವಾದ ಉಜ್ಜುಕಾಗದಗಳನ್ನು ಬಳಸಬೇಕು. ಪಿ220 ಕಾಗದದ ಹರಳುಗಳು ಸುಮಾರು 68 ಮೈಕ್ರೋಮೀಟರ್, ಪಿ1000 ಕಾಗದದವು ಸುಮಾರು 18 ಮೈಕ್ರೋಮೀಟರ್ ಗಾತ್ರದವು. ಪ್ರತಿಯೊಂದು ಕಾಗದವೂ ಹಿಂದಿನದರ ಗೀರುಗಳನ್ನು ಅಳಿಸಿ, ತನ್ನ ಸಣ್ಣ ಗೀರುಗಳನ್ನು ಉಳಿಸುತ್ತದೆ. ನಡುವೆ ಒಂದನ್ನು ಬಿಟ್ಟರೆ ಆಳವಾದ ಗೀರು ಕೊನೆಯವರೆಗೂ ಉಳಿಯುತ್ತದೆ. ಕಡೆಗೆ ಬಟ್ಟೆಯ ಮೇಲೆ ಮೆರುಗುಪುಡಿಯನ್ನು ಹಾಕಿ ತಿಕ್ಕುತ್ತಾರೆ.

ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 0.4ರಿಂದ 0.7 ಮೈಕ್ರೋಮೀಟರ್. ಗೀರುಗಳ ಆಳವು ಇದಕ್ಕಿಂತ ಬಹಳ ಕಡಮೆಯಾದಾಗ ಬೆಳಕು ಚೆದರದೆ ಕ್ರಮವಾಗಿ ಪ್ರತಿಫಲಿಸುತ್ತದೆ, ಅದೇ ಹೊಳಪು. ಗೀರುಗಳು ಕಾಣದಷ್ಟು ಸಣ್ಣವಾಗುವುದೇ ಮೆರುಗೆಂದು ನ್ಯೂಟನ್ 1704ರ ‘ಆಪ್ಟಿಕ್ಸ್’ ಗ್ರಂಥದಲ್ಲಿಯೇ ಸೂಚಿಸಿದ್ದನು. ವಾರ್ನಿಷಾದರೋ ಗೀರುಗಳನ್ನು ತುಂಬಿ ತನ್ನ ಮೈಯನ್ನು ಹೊಳೆಯಿಸುತ್ತದೆಯೇ ಹೊರತು ಕೊಂಬಿನ ಮೈಯನ್ನಲ್ಲ.

ಆದಕಾರಣ, ನಮ್ಮ ಪ್ರಯೋಗಶಾಲೆಗಳಲ್ಲಿ ಕೊಂಬಿನ ತುಂಡೊಂದಕ್ಕೆ ಸ್ಥಾನವಿರಬೇಕೆಂದು ನನ್ನ ಅಭಿಪ್ರಾಯ. ಅರ್ಧ ಉಜ್ಜಿದ ತುಂಡನ್ನು ಕಿಟಕಿಯತ್ತ ಹಿಡಿದು ನೇರವಾಗಿ ನೋಡಿದರೆ ಅದು ಮಂಕು. ಮೈಗೆ ತಾಗುವಷ್ಟು ಓರೆಯಾಗಿ ನೋಡಿದರೆ ಕಿಟಕಿಯ ಬಿಂಬ ಮೂಡುತ್ತದೆ. ಓರೆಯಾದಷ್ಟೂ ಮೇಲ್ಮೈಯ ಏರುತಗ್ಗುಗಳ ಪ್ರಭಾವ ಕುಗ್ಗುವುದೇ ಇದಕ್ಕೆ ಕಾರಣ. ಇದನ್ನು ತಿಳಿಯಲು ದುಬಾರಿ ಉಪಕರಣವೇನೂ ಬೇಡ. ಆದರೆ ಉಜ್ಜುವಾಗ ನೀರನ್ನು ಬಳಸಿ, ಮೂಗುಬಾಯಿಗಳನ್ನು ಮುಚ್ಚಿಕೊಳ್ಳಬೇಕು. ಕೊಂಬಿನ ಧೂಳು ಶ್ವಾಸಕೋಶಕ್ಕೆ ಹಿತವಲ್ಲ.

ಪರೀಕ್ಷೆಗೆ ಬಾರದ ಈ ಕೆಲಸಕ್ಕೆ ವೇಳೆಯೆಲ್ಲಿದೆಯೆಂದು ಕೆಲವರು ಕೇಳಬಹುದು. ಉತ್ತರವನ್ನು ಮೊದಲೇ ಅರಿತು, ಅದಕ್ಕೊಪ್ಪುವ ಅಂಕಿಗಳನ್ನು ಬರೆದಿಡುವ ಪ್ರಯೋಗಗಳಿಗೆ ನಾವು ವ್ಯಯಿಸುವ ವೇಳೆಯಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕೆ ಕೊಟ್ಟರೆ ನಷ್ಟವಿಲ್ಲ. ಉಜ್ಜುವ ಕೈಗೆ ಮೋಸ ಸಾಧ್ಯವಿಲ್ಲ. ಬಿಟ್ಟ ಗೀರನ್ನು ಬೆಳಕೇ ತೋರಿಸಿಕೊಡುತ್ತದೆ. ಕೈಕಸುಬು ಕೀಳೆಂಬ ಭಾವನೆಯೂ ವಿದ್ಯಾರ್ಥಿಯ ಮನಸ್ಸಿನಿಂದ ಆ ಮಧ್ಯಾಹ್ನ ಸ್ವಲ್ಪವಾದರೂ ಸವೆದೀತು.