ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ವಯಸ್ಸು ಕೇಳಿ: ಬಾಲ ತಾಯ್ತನ ತಡೆಗೆ ಓಣಿಯವರೇ ಕಾವಲು

ನೆಲೋಗಿ: ‘ಹುಡುಗಿ ದೊಡ್ಡಾಕಿ ಆಗ್ಯಾಳ, ಇನ್ನ ಎಷ್ಟ ದಿನ ಮನ್ಯಾಗ ಇಟ್ಕೊಂಡ್ ಕುಂದರೋದು?’ ಜೇವರ್ಗಿ ತಾಲ್ಲೂಕಿನ ಓಣಿಗಳಲ್ಲಿ ಈ ಮಾತು ಹೊಸದಲ್ಲ. ತೊಗರಿ ರಾಶಿ ಮುಗಿಸಿ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗುವ ಮನೆಗಳಲ್ಲಿ ಮಗಳನ್ನು ಯಾರ ಹತ್ತಿರ ಬಿಡಬೇಕು ಎಂಬ ಚಿಂತೆಯೇ ಅವಸರದ ಮದುವೆಗೆ ದಾರಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ರಾಜ್ಯದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅಂದರೆ ಐವರಲ್ಲಿ ಒಬ್ಬಾಕಿ.

ಕಾನೂನಿಗೇನೂ ಕೊರತೆ ಇಲ್ಲ. 2006ರ ಕಾಯ್ದೆಗೆ ರಾಜ್ಯ ತಂದ 2016ರ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ದೂರು ಬರದಿದ್ದರೂ ಪೊಲೀಸರು ಕೇಸು ಹಾಕಬಹುದು. ಮಾಡಿಸಿದವರಿಗೆ 2 ವರ್ಷದವರೆಗೆ ಜೈಲು, ₹1 ಲಕ್ಷದವರೆಗೆ ದಂಡ.

ತೊಡಕು ಬೇರೆಯೇ ಇದೆ. 18ರೊಳಗಿನ ಹುಡುಗಿ ಬಸುರಿಯಾಗಿ ಬಂದರೆ ಪೋಕ್ಸೊ ಕಾಯ್ದೆಯಡಿ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಕೇಸಿನ ಭಯಕ್ಕೆ ಮನೆಯವರು ತಪಾಸಣೆಯನ್ನೇ ತಪ್ಪಿಸಿದರೆ, ರಕ್ತಹೀನತೆ, ಬಿ.ಪಿ. ಗೊತ್ತಾಗುವಷ್ಟರಲ್ಲಿ ತಾಯಿ, ಕೂಸು ಎರಡೂ ಜೀವಕ್ಕೆ ಅಪಾಯ. ಆದ್ದರಿಂದ ತಡೆ ಬೀಳಬೇಕಾದ್ದು ಮದುವೆಗೂ ಮೊದಲೇ.

ಆ ಕೆಲಸ ಊರೊಳಗೇ ಆಗಬೇಕು. ಹುಡುಗಿ ವಾರಗಟ್ಟಲೆ ಶಾಲೆಗೆ ಬರದಿದ್ದರೆ ಅದೇ ಮೊದಲ ಸುಳಿವು. ಶಿಕ್ಷಕರು, ಅಂಗನವಾಡಿ, ಆಶಾ ಕಾರ್ಯಕರ್ತೆಯರು ಕೂಡಿ ಮನೆಗೆ ಹೋದರೆ ಮಾತಿಗೆ ತೂಕ ಬರುತ್ತದೆ. ಒಬ್ಬ ಆಶಾ ಮೇಲೆ ಭಾರ ಹಾಕಿದರೆ ಅದೇ ಓಣಿಯಲ್ಲಿ ಬಾಳಬೇಕಾದ ಆಕೆಗೆ ವೈರ ಕಟ್ಟಿಟ್ಟ ಬುತ್ತಿ. ಮುಟ್ಟು, ದೇಹದ ಬದಲಾವಣೆ, ಗರ್ಭಧಾರಣೆ ಬಗ್ಗೆ ಹದಿಹರೆಯದವರು ಅಂಜದೆ ಕೇಳಲೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯೂ ಫೋಟೊಕ್ಕಷ್ಟೇ ಮುಗಿಯಬಾರದು.

ಅಂಗಡಿಕಾರರ ಪಾಲೂ ಇದೆ. ಪತ್ರಿಕೆ ಅಚ್ಚು ಹಾಕುವವರು, ಶಾಮಿಯಾನ, ಬ್ಯಾಂಡ್, ಅಡುಗೆಯವರು ಮುಂಗಡ ಹಿಡಿಯುವ ಮೊದಲು ಶಾಲೆಯ ದಾಖಲೆ ಅಥವಾ ಜನನ ಪ್ರಮಾಣಪತ್ರ ಕೇಳಲಿ. ಆಧಾರ್ ಸಾಲದು; ಅದು ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಬ್ಬರು ಕೇಳಿ ಇನ್ನೊಬ್ಬರು ಬಿಟ್ಟರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಎಲ್ಲರೂ ಕೂಡಿ ಕೇಳಿದರಷ್ಟೇ ಪ್ರಯೋಜನ.

ಮದುವೆ ನಿಲ್ಲಿಸಿ ಮುಚ್ಚಳಿಕೆ ಬರೆಸಿಕೊಂಡರೆ ಮುಗಿಯಲಿಲ್ಲ. ಬೇರೆ ಊರಿನ ಗುಡಿಯಲ್ಲಿ ಗುಟ್ಟಾಗಿ ತಾಳಿ ಕಟ್ಟಿಸುವುದೂ ಉಂಟು. ಮರುದಿನ ಆ ಹುಡುಗಿ ಶಾಲೆಗೆ ಬಂದಳಾ ಎಂದು ನೋಡುವವರು ಬೇಕು.

ಸುಳಿವು ಸಿಕ್ಕವರು 1098ಕ್ಕೆ ಉಚಿತವಾಗಿ ಕರೆ ಮಾಡಬಹುದು.